ಆರು ವೋಟಿನ ಸೋಲು: ರನ್‌ಕಾರ್ನ್ ಉಪಚುನಾವಣೆಯ ಲೆಕ್ಕ ಬಿಡಿಸಿದಾಗ

2025ರ ಮೇ 2, ಶುಕ್ರವಾರ. ಇಂಗ್ಲೆಂಡಿನಲ್ಲಿ ಬೆಳಗಿನ ಆರು ಗಂಟೆಯ ಸುಮಾರು. ನಮ್ಮಲ್ಲಿ ಹತ್ತೂವರೆ, ಎರಡನೇ ಕಾಫಿಯ ಹೊತ್ತು. ವಿಡ್ನೆಸ್ ಊರಿನ ರಗ್ಬಿ ಸ್ಟೇಡಿಯಮ್ಮಿನಲ್ಲಿ ರಾತ್ರಿಯಿಡೀ ಎಣಿಸಿದ ರನ್‌ಕಾರ್ನ್ ಸಂಸತ್ ಉಪಚುನಾವಣೆಯ ಮತಪತ್ರಗಳನ್ನು ಇನ್ನೊಂದು ಸಲ ಎಣಿಸಿ ಮುಗಿಸಿದ್ದರು. ರಿಫಾರ್ಮ್ ಯುಕೆ ಪಕ್ಷದ ಸಾರಾ ಪೋಚಿನ್‌ಗೆ 12,645. ಆಗ ದೇಶ ಆಳುತ್ತಿದ್ದ ಲೇಬರ್ ಪಕ್ಷದ ಕರೆನ್ ಶೋರ್‌ಗೆ 12,639. ಅಂತರ ಆರು.

ಬ್ರಿಟನ್ನಿನಲ್ಲಿ ಇವತ್ತಿಗೂ ಕಾಗದದ ಮತಪತ್ರವೇ. ಮತಗಟ್ಟೆಯಲ್ಲಿ ಒಂದು ಪೆನ್ಸಿಲ್ ಇಟ್ಟಿರುತ್ತಾರೆ. ಬೇಕಾದ ಹೆಸರಿನ ಮುಂದೆ ಗುಣಿಸು ಗುರುತು ಹಾಕಿ, ಮಡಚಿ ಪೆಟ್ಟಿಗೆಗೆ ಹಾಕಬೇಕು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಮತದಾನ. ಹತ್ತಕ್ಕೆ ಬಾಗಿಲು ಮುಚ್ಚಿದ ಮೇಲೆ ಪೆಟ್ಟಿಗೆಗಳು ನೇರ ಎಣಿಕೆ ಕೇಂದ್ರಕ್ಕೆ ಹೊರಡುತ್ತವೆ. ನಮ್ಮ ಹಾಗೆ ಮಷಿನ್ನಿನ ಬಟನ್ ಒತ್ತಿ ಟೋಟಲ್ ಬರೆದುಕೊಳ್ಳುವ ಕೆಲಸ ಅಲ್ಲ. ಮೇಜಿನ ಮೇಲೆ ಕಂತೆ ಕಂತೆ ಕಾಗದ. ಎದುರಿಗೆ ಪಕ್ಷದ ಏಜೆಂಟರು ಕಣ್ಣು ಮಿಟುಕಿಸದೆ ನೋಡುತ್ತಾ ನಿಂತಿರುತ್ತಾರೆ. ಅಂತರ ಒಂದಂಕಿಗೆ ಇಳಿದಾಗ, ಯಾವ ಕಂತೆಯಲ್ಲಿ ಯಾರ ಚೀಟಿ ಸೇರಿಕೊಂಡಿದೆಯೋ ಅನ್ನುವ ಅನುಮಾನ ಸಹಜ. ಲೇಬರ್ ಮರು ಎಣಿಕೆ ಕೇಳಿತು. ಕೇಳಿಯೂ ಉಪಯೋಗವಾಗಲಿಲ್ಲ.

ಎರಡನೇ ಮಹಾಯುದ್ಧದ ನಂತರ ಅಲ್ಲಿ ಇಷ್ಟು ಕಡಿಮೆ ಅಂತರದ ಉಪಚುನಾವಣೆ ನಡೆದೇ ಇರಲಿಲ್ಲ. ಹಿಂದಿನ ದಾಖಲೆ 1973ರ ಬೆರಿಕ್ ಉಪಚುನಾವಣೆಯದು, 57 ವೋಟು. ನಮಗೇನೂ ಇದು ಹೊಸದಲ್ಲ ಬಿಡಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ವೋಟಿನಿಂದ. 2023ರಲ್ಲಿ ಜಯನಗರದ ಅಂತರ 16. ಇಂಥ ಫಲಿತಾಂಶ ಬಂದಾಗಲೆಲ್ಲ ವಾರಗಟ್ಟಲೆ ಹೋಟೆಲು, ಬಸ್‌ಸ್ಟ್ಯಾಂಡುಗಳಲ್ಲಿ ಮಾತು ಒಂದೇ: 'ಅವನೊಬ್ಬ ಬಂದು ವೋಟ್ ಹಾಕಿದ್ದಿದ್ರೆ...'

ನನ್ನನ್ನು ಕಾಡಿದ್ದು ಆ ಆರು ವೋಟಲ್ಲ. ಅದೇ ಕ್ಷೇತ್ರದಲ್ಲಿ, ಅದೇ ಲೇಬರ್ ಪಕ್ಷ, ಹತ್ತೇ ತಿಂಗಳ ಹಿಂದೆ 14,696 ವೋಟುಗಳ ಅಂತರದಿಂದ ಗೆದ್ದಿತ್ತು. ಅಷ್ಟೂ ಎಲ್ಲಿ ಕರಗಿತು? ಟಿವಿಯವರೆಲ್ಲ 'ರಿಫಾರ್ಮ್ ಅಲೆ' ಅಂದರು. ನಾನೂ ಮೊದಲು ಹಾಗೇ ಅಂದುಕೊಂಡೆ. ಆಮೇಲೆ ಎರಡೂ ಚುನಾವಣೆಯ ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿದೆ. ಅಲೆಯ ಕಥೆ ಪೂರ್ತಿ ಸುಳ್ಳಲ್ಲ. ಆದರೆ ಕಾಗದದ ಮೇಲೆ ಕಂಡದ್ದೇ ಬೇರೆ.

ಊರು ಎಂಥದ್ದು

ರನ್‌ಕಾರ್ನ್ ಇರುವುದು ಲಿವರ್‌ಪೂಲಿನ ಹತ್ತಿರ, ಮರ್ಸಿ ನದಿಯ ದಂಡೆಯಲ್ಲಿ. ಹಿಂದೆ ರಾಸಾಯನಿಕ ಕಾರ್ಖಾನೆಗಳ ಊರು. 1964ರಲ್ಲಿ ಸರ್ಕಾರ ಇದನ್ನು 'ಹೊಸ ಪಟ್ಟಣ' ಅಂತ ಘೋಷಿಸಿ, ಲಿವರ್‌ಪೂಲಿನ ಇಕ್ಕಟ್ಟಿನ ಕೇರಿಗಳ ಜನರಿಗೆ ಇಲ್ಲಿ ಸಾಲುಮನೆ ಕಟ್ಟಿಸಿತು. ಬಸ್ಸುಗಳಿಗೆ ಮಾತ್ರ ಅಂತಲೇ ಪ್ರತ್ಯೇಕ ರಸ್ತೆ ಹಾಕಿದರು. ಬೆಂಗಳೂರಿನಲ್ಲಿ ನಾವು ಇವತ್ತು ಬಸ್ ಪಥದ ಬಗ್ಗೆ ಜಗಳ ಆಡ್ತೀವಲ್ಲ, ಅದನ್ನು ಅವರು 1970ರ ದಶಕದಲ್ಲೇ ಮಾಡಿ ಮುಗಿಸಿದ್ದರು. ಆ ಉತ್ಸಾಹ ಈಗ ಉಳಿದಿಲ್ಲ. ನದಿ ದಾಟಿ ಪಕ್ಕದ ವಿಡ್ನೆಸ್‌ಗೆ ಹೋಗುವ ಸೇತುವೆಗೆ 2017ರಿಂದ ಟೋಲ್ ಬೇರೆ.

ಕ್ಷೇತ್ರದ ಇನ್ನೊಂದು ಭಾಗ ಫ್ರಾಡ್‌ಶಮ್, ಹೆಲ್ಸ್‌ಬಿ ಮತ್ತು ಸುತ್ತಲಿನ ಹಳ್ಳಿಗಳು. ಚೆಷರ್ ಸೀಮೆಯ ಅನುಕೂಲಸ್ಥರ ಊರುಗಳು. ಇಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಮೊದಲಿಂದಲೂ ವೋಟಿದೆ. ಅಂದರೆ ಒಂದೇ ಕ್ಷೇತ್ರದೊಳಗೆ ಕಾರ್ಖಾನೆ ಊರೂ ಇದೆ, ತೋಟದ ಮನೆಗಳೂ ಇವೆ. ರನ್‌ಕಾರ್ನ್ ಸೇರಿರುವ ಹಾಲ್ಟನ್ ಪ್ರದೇಶ 2016ರ ಜನಮತಗಣನೆಯಲ್ಲಿ ಯುರೋಪಿಯನ್ ಒಕ್ಕೂಟ ಬಿಡುವ ಪರವಾಗಿ ಶೇ 57ರಷ್ಟು ವೋಟು ಹಾಕಿತ್ತು. ಲೇಬರ್‌ಗೆ ತಲೆತಲಾಂತರದಿಂದ ವೋಟು ಹಾಕಿದ ಜನವೇ ಅವತ್ತು ಪಕ್ಷದ ಮಾತು ಕೇಳಿರಲಿಲ್ಲ. ಬಿರುಕು ಆಗಲೇ ಇತ್ತು. ಮೇಲೆ ಸುಣ್ಣ ಬಳಿದಿದ್ದರು, ಅಷ್ಟೆ.

ಉಪಚುನಾವಣೆ ಯಾಕೆ ಬಂತು

ಇದು ಲೇಬರ್ ಪಕ್ಷ ತನ್ನ ಕೈಯಾರೆ ತಂದುಕೊಂಡ ಚುನಾವಣೆ. ಇಲ್ಲಿನ ಸಂಸದ ಮೈಕ್ ಏಮ್ಸ್‌ಬರಿ 2024ರ ಅಕ್ಟೋಬರಿನ ಒಂದು ರಾತ್ರಿ ಫ್ರಾಡ್‌ಶಮ್ ಬೀದಿಯಲ್ಲಿ ತನ್ನದೇ ಕ್ಷೇತ್ರದ ಮತದಾರನಿಗೆ ಗುದ್ದಿದರು. ವಿಡಿಯೊ ಊರೆಲ್ಲ ಹರಿದಾಡಿತು. ಪಕ್ಷ ಅಮಾನತು ಮಾಡಿತು. ಕೋರ್ಟಿನಲ್ಲಿ ಅವರು ತಪ್ಪೊಪ್ಪಿಕೊಂಡರು. 2025ರ ಫೆಬ್ರುವರಿಯಲ್ಲಿ 10 ವಾರ ಜೈಲು ಅಂತ ತೀರ್ಪಾಯಿತು. ಮೂರು ರಾತ್ರಿ ಒಳಗಿದ್ದ ಮೇಲೆ ಮೇಲ್ಮನವಿಯಲ್ಲಿ ಆ ಶಿಕ್ಷೆ ಅಮಾನತಿಗೆ ಬಂತು.

ಅಲ್ಲಿನ ಕಾನೂನು ನಮ್ಮವರಿಗೆ ಆಸಕ್ತಿ ಹುಟ್ಟಿಸಬಹುದು. 2015ರ ಕಾಯ್ದೆಯ ಪ್ರಕಾರ, ಸಂಸದರಿಗೆ ಜೈಲು ಶಿಕ್ಷೆಯಾದರೆ ಕ್ಷೇತ್ರದಲ್ಲಿ ಸಹಿ ಸಂಗ್ರಹ ಶುರುವಾಗುತ್ತದೆ. ಆರು ವಾರದೊಳಗೆ ಶೇ 10ರಷ್ಟು ಮತದಾರರು ಸಹಿ ಹಾಕಿದರೆ ಸೀಟು ಖಾಲಿ. ಏಮ್ಸ್‌ಬರಿ ಅಲ್ಲಿತನಕ ಕಾಯಲಿಲ್ಲ. ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟರು. ಇಂಗ್ಲೆಂಡಿನ ಹಲವು ಕಡೆ ಸ್ಥಳೀಯ ಚುನಾವಣೆ ನಡೆಯುವ ಮೇ 1ಕ್ಕೇ ಉಪಚುನಾವಣೆಯೂ ನಿಗದಿಯಾಯಿತು.

ಹಾಗಾಗಿ ಸೋಲಿಗೆ ಏಮ್ಸ್‌ಬರಿಯೇ ಕಾರಣ ಅಂತ ಕೈತೊಳೆದುಕೊಳ್ಳಬಹುದು. ಲೇಬರ್‌ನ ಕೆಲವರು ಹಾಗೆ ಹೇಳಿಯೂ ಹೇಳಿದರು. ಆದರೆ ಅವತ್ತೇ ನಡೆದ ಸ್ಥಳೀಯ ಚುನಾವಣೆಗಳಲ್ಲಿ ರಿಫಾರ್ಮ್ 677 ಸೀಟು ಗೆದ್ದು, ಹತ್ತು ಕೌನ್ಸಿಲ್‌ಗಳ ಅಧಿಕಾರ ಹಿಡಿಯಿತು. ಕೆಂಟ್, ಡರಂ ಎಲ್ಲ ಅದರ ಪಾಲಾದವು. ಅಲ್ಲೆಲ್ಲ ಯಾರೂ ಯಾರಿಗೂ ಗುದ್ದಿರಲಿಲ್ಲ.

ಲೆಕ್ಕ

ಈಗ ಅಂಕಿಗಳಿಗೆ ಬರೋಣ. ಮೊದಲನೆಯದು 2024ರ ಜುಲೈ, ಎರಡನೆಯದು 2025ರ ಮೇ:

ಲೇಬರ್: 22,358, ಆಮೇಲೆ 12,639
ರಿಫಾರ್ಮ್: 7,662, ಆಮೇಲೆ 12,645
ಕನ್ಸರ್ವೇಟಿವ್: 6,756, ಆಮೇಲೆ 2,341
ಗ್ರೀನ್: 2,715, ಆಮೇಲೆ 2,314
ಲಿಬರಲ್ ಡೆಮಾಕ್ರಾಟ್: 2,149, ಆಮೇಲೆ 942

ರಿಫಾರ್ಮ್‌ಗೆ ಹೆಚ್ಚಾದದ್ದು 4,983 ವೋಟು. ಕನ್ಸರ್ವೇಟಿವ್‌ಗೆ ಕಡಿಮೆಯಾದದ್ದು 4,415. ಎರಡೂ ಹೆಚ್ಚುಕಡಿಮೆ ಒಂದೇ.

ಇನ್ನೊಂದು ರೀತಿ ನೋಡಿ. ರಿಫಾರ್ಮ್ ಮತ್ತು ಕನ್ಸರ್ವೇಟಿವ್ ಎರಡನ್ನೂ ಕೂಡಿಸಿ. 2024ರಲ್ಲಿ 14,418. 2025ರಲ್ಲಿ 14,986. ಹತ್ತು ತಿಂಗಳು, ದೇಶದ ತುಂಬ ಅಷ್ಟೊಂದು ಗದ್ದಲ, ರಿಫಾರ್ಮ್ ನಾಯಕ ನೈಜೆಲ್ ಫರಾಜ್ ಊರಿಗೆ ಬಂದು ಮಾಡಿದ ಭಾಷಣ, ಸಂಸದನ ಜೈಲುವಾಸ, ಇಷ್ಟೆಲ್ಲ ಆದಮೇಲೆ ಬಲಪಂಥದ ಒಟ್ಟು ವೋಟು ಏರಿದ್ದು 568. ಐನೂರ ಅರವತ್ತೆಂಟು! ನಾಲ್ಕು ಬೀದಿಯ ವೋಟು.

ಈಗ ಆ ಕಡೆ. ಲೇಬರ್, ಗ್ರೀನ್, ಲಿಬರಲ್ ಡೆಮಾಕ್ರಾಟ್ ಮೂರೂ ಸೇರಿ 2024ರಲ್ಲಿ 27,222. 2025ರಲ್ಲಿ 15,895. ಹನ್ನೊಂದು ಸಾವಿರಕ್ಕೂ ಜಾಸ್ತಿ ಕರಗಿದೆ. ಆದರೂ ಆ ಮೊತ್ತ ಬಲಪಂಥದ 14,986ಕ್ಕಿಂತ 909 ಹೆಚ್ಚೇ ಇದೆ. ಅಂದರೆ ರಿಫಾರ್ಮ್ ಗೆದ್ದ ಆ ದಿನವೂ ಕ್ಷೇತ್ರದಲ್ಲಿ ರಿಫಾರ್ಮ್ ಬೇಡ ಅನ್ನುವ ಪಕ್ಷಗಳ ವೋಟೇ ಮುಂದಿತ್ತು. ಒಂದು ಕಡೆಯವರು ಒಟ್ಟಾದರು. ಇನ್ನೊಂದು ಕಡೆಯವರು ಚದುರಿದರು, ಮತ್ತೆ ಎಷ್ಟೋ ಜನ ಮನೆಯಿಂದ ಹೊರಗೇ ಬರಲಿಲ್ಲ.

ಮತದಾನ ಶೇ 60ರ ಆಸುಪಾಸಿನಿಂದ ಶೇ 46ರ ಆಸುಪಾಸಿಗೆ ಇಳಿದಿತ್ತು. ಒಟ್ಟು ಚಲಾವಣೆಯಾದ ವೋಟು ಒಂಬತ್ತೂವರೆ ಸಾವಿರದಷ್ಟು ಕಡಿಮೆ. ಲೇಬರ್ ಕಳೆದುಕೊಂಡದ್ದು 9,719.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಕೂಡಿ ಕಳೆದ ಲೆಕ್ಕಕ್ಕೂ ಮನುಷ್ಯರು ನಿಜವಾಗಿ ಮಾಡಿದ್ದಕ್ಕೂ ವ್ಯತ್ಯಾಸ ಇರುತ್ತದೆ. ಲೇಬರ್ ಬಿಟ್ಟು ಸೀದಾ ರಿಫಾರ್ಮ್‌ಗೆ ಹೋದವರು ಖಂಡಿತ ಇದ್ದಾರೆ. ಮನೆಯಲ್ಲೇ ಉಳಿದ ಹಳೇ ಕನ್ಸರ್ವೇಟಿವ್ ಮತದಾರರೂ ಇದ್ದಾರೆ. ಕೆಲವು ಕನ್ಸರ್ವೇಟಿವ್ ಮತದಾರರು ರಿಫಾರ್ಮ್ ತಡೆಯೋಕೆ ಲೇಬರ್‌ಗೆ ಹಾಕಿರಲೂಬಹುದು. ಮತಪೆಟ್ಟಿಗೆ ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಆದರೆ 'ಕಾರ್ಮಿಕರೆಲ್ಲ ಲೇಬರ್ ಬಿಟ್ಟು ಫರಾಜ್ ಹಿಂದೆ ಹೋದರು' ಅನ್ನುವ ಒಂದು ಸಾಲಿನ ವಿವರಣೆ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಹಾಗೆ ಹೋಗಿದ್ದರೆ ರಿಫಾರ್ಮ್ ಅಂತರ ಸಾವಿರಗಳಲ್ಲಿ ಇರಬೇಕಿತ್ತು ಅಲ್ವಾ?

ಮನೆಯಲ್ಲೇ ಕೂತವರು

ಅವರು ಯಾಕೆ ಬರಲಿಲ್ಲ ಅನ್ನುವುದಕ್ಕೆ ಹೆಚ್ಚು ದೂರ ಹುಡುಕಬೇಕಾಗಿಲ್ಲ. ಅಧಿಕಾರಕ್ಕೆ ಬಂದ ತಿಂಗಳೊಳಗೇ, 2024ರ ಜುಲೈನಲ್ಲಿ, ಲೇಬರ್ ಸರ್ಕಾರ ವಯಸ್ಸಾದವರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಟ್ಟುಕೊಳ್ಳೋಕೆ ಕೊಡುತ್ತಿದ್ದ ಹಣಕ್ಕೆ ಕತ್ತರಿ ಹಾಕಿತು. ಮನೆಗೆ ವರ್ಷಕ್ಕೆ 200ರಿಂದ 300 ಪೌಂಡ್. ಕಡು ಬಡ ಪಿಂಚಣಿದಾರರಿಗೆ ಮಾತ್ರ ಉಳಿಸಿ, ಸುಮಾರು ಒಂದು ಕೋಟಿ ಜನರಿಗೆ ನಿಲ್ಲಿಸಿದರು. ಖಜಾನೆಗೆ ಉಳಿದದ್ದು ಅಲ್ಪ, ಕಟ್ಟಿಕೊಂಡ ಶಾಪ ಬಹಳ. ನಮ್ಮಲ್ಲಿ ಯಾವುದೇ ಸರ್ಕಾರ ಅಜ್ಜಿಯರ ವೃದ್ಧಾಪ್ಯ ವೇತನ ನಿಲ್ಲಿಸಿ ಆಮೇಲೆ ವೋಟು ಕೇಳೋಕೆ ಹೋಗಲಿ ನೋಡೋಣ. ಉಪಚುನಾವಣೆಯ ಪ್ರಚಾರ ಶುರುವಾಗುವ ಹೊತ್ತಿಗೆ, ಮಾರ್ಚಿನಲ್ಲಿ, ಅಂಗವಿಕಲರ ಭತ್ಯೆಗೂ ಕೈ ಹಾಕುವ ಯೋಜನೆ ಹೊರಬಿತ್ತು.

ರನ್‌ಕಾರ್ನ್‌ನಂಥ ಊರಿನಲ್ಲಿ ಇವು ಪೇಪರಿನ ಸುದ್ದಿಗಳಲ್ಲ. ಮನೆಮನೆಯ ವಿಷಯ. ಲೇಬರ್‌ಗೇ ಹುಟ್ಟಿದಾಗಿನಿಂದ ವೋಟು ಹಾಕಿದ ಒಬ್ಬ ನಿವೃತ್ತ ಕಾರ್ಮಿಕ ಫರಾಜ್‌ಗೆ ಹಾಕಲಾರ, ಲೇಬರ್‌ಗೆ ಹಾಕೋಕೆ ಮನಸ್ಸಿಲ್ಲ. ಗುರುವಾರ ಸುಮ್ನೆ ಮನೆಯಲ್ಲಿರುತ್ತಾನೆ. ಸರ್ಕಾರ ಬೀಳಿಸುವ ಚುನಾವಣೆ ಅಲ್ಲ ಬೇರೆ. ಪ್ರಧಾನಿ ಕಿಯರ್ ಸ್ಟಾರ್ಮರ್ ಕೂಡ ಪ್ರಚಾರಕ್ಕೆ ಆ ಕಡೆ ತಲೆ ಹಾಕಲಿಲ್ಲ.

ಲೇಬರ್ ಪ್ರಚಾರ ಹೇಗಿತ್ತು? ಊರ ಹತ್ತಿರದ ಡೇರ್ಸ್‌ಬರಿಯ ಒಂದು ಹೋಟೆಲಿನಲ್ಲಿ ಆಶ್ರಯ ಕೇಳಿ ಬಂದ ವಿದೇಶಿಯರನ್ನು ಇರಿಸಿದ್ದರು. ರಿಫಾರ್ಮ್ ಅದನ್ನೇ ದೊಡ್ಡದು ಮಾಡಿತು. ಲೇಬರ್ ಅಭ್ಯರ್ಥಿಯೂ ಆ ಹೋಟೆಲ್ ಮುಚ್ಚಿಸಿ ಅಂತ ಸಹಿ ಸಂಗ್ರಹಕ್ಕೆ ಇಳಿದರು. ನನಗೆ ಇಡೀ ಪ್ರಕರಣದಲ್ಲಿ ಅತಿ ವಿಚಿತ್ರ ಅನಿಸಿದ್ದು ಇದೇ. ದೇಶ ಆಳುತ್ತಿರುವುದು ನಿಮ್ಮದೇ ಪಕ್ಷ. ಹೋಟೆಲ್ ಗೊತ್ತು ಮಾಡುವುದೂ ನಿಮ್ಮದೇ ಗೃಹ ಇಲಾಖೆ. ಅಂಥಾದ್ದರಲ್ಲಿ ಅಭ್ಯರ್ಥಿ ಯಾರಿಗೆ ಮನವಿ ಕೊಡುವುದು? ಹೋಟೆಲಿನ ಮೇಲೆ ಸಿಟ್ಟಿದ್ದವನಿಗೆ ಈ ಸಹಿ ಸಂಗ್ರಹ ನಾಟಕ ಅನಿಸಿತು. ವಲಸಿಗರ ಮೇಲೆ ಕನಿಕರ ಇದ್ದವನಿಗೆ ಅಸಹ್ಯ ಅನಿಸಿತು. ಅವನು ಗ್ರೀನ್‌ಗೆ ಹಾಕಿದ, ಇಲ್ಲವೇ ಹೊರಗೇ ಬರಲಿಲ್ಲ. ಗ್ರೀನ್‌ಗೆ ಬಿದ್ದ 2,314 ವೋಟಿನಲ್ಲಿ ಏಳು ಜನ ಮನಸ್ಸು ಬದಲಿಸಿದ್ದರೆ ಸಾಕಿತ್ತು.

ನಲ್ಲಿ ತಿರುಗಿಸುವ ಆಸಾಮಿ

ರಿಫಾರ್ಮ್ ಯುಕೆ ಆಕಾಶದಿಂದ ಉದುರಿದ ಪಕ್ಷವಲ್ಲ. ದೊಡ್ಡೋರೆಲ್ಲ ಸೇರಿ ಸಾಮಾನ್ಯ ಜನರಿಗೆ ಮೋಸ ಮಾಡ್ತಿದ್ದಾರೆ ಅನ್ನುವ ಮಾತೇ ಬಂಡವಾಳವಾದ ಪಕ್ಷಗಳನ್ನು ಪಾಪ್ಯುಲಿಸ್ಟ್ ಅನ್ನುತ್ತಾರಲ್ಲ, ಆ ಅಂಗಡಿಯನ್ನು ಫರಾಜ್ ಮೂರು ಬೋರ್ಡುಗಳ ಕೆಳಗೆ ನಡೆಸಿದ್ದಾರೆ. ಮೊದಲು ಯುಕಿಪ್, ಆಮೇಲೆ ಬ್ರೆಕ್ಸಿಟ್ ಪಾರ್ಟಿ, ಈಗ ರಿಫಾರ್ಮ್.

2015ರಲ್ಲಿ ಯುಕಿಪ್‌ಗೆ ಶೇ 12.6 ವೋಟು ಬಂತು, ಸುಮಾರು 39 ಲಕ್ಷ. ಸೀಟು? ಒಂದು. ಯಾರು ಮುಂದಿದ್ದಾರೋ ಅವರೇ ಗೆದ್ದರು ಅನ್ನುವ ಪದ್ಧತಿ ನಮ್ಮದೂ ಹೌದು, ನಮಗೆ ಬಂದದ್ದೂ ಅಲ್ಲಿಂದಲೇ. ಅದರಲ್ಲಿ ಚಪಾತಿಗೆ ಎಣ್ಣೆ ಸವರಿದ ಹಾಗೆ ಎಲ್ಲ ಕಡೆ ತೆಳ್ಳಗೆ ವೋಟು ಹರಡಿದರೆ ಕೈಗೆ ಏನೂ ಸಿಗುವುದಿಲ್ಲ. ಆದರೆ ಗೆಲ್ಲದೇ ಬೇರೆಯವರನ್ನು ಸೋಲಿಸಬಹುದು, ಹೆದರಿಸಬಹುದು. ಯುಕಿಪ್‌ಗೆ ವೋಟು ಸೋರುತ್ತದೆ ಅನ್ನುವ ಭಯ ಕನ್ಸರ್ವೇಟಿವ್ ಪಕ್ಷದೊಳಗೆ ಎಷ್ಟಿತ್ತು ಅಂದರೆ, ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ 2013ರಲ್ಲೇ ಯುರೋಪ್ ಬಗ್ಗೆ ಜನಮತಗಣನೆ ಮಾಡ್ತೀನಿ ಅಂತ ಮಾತು ಕೊಟ್ಟರು. ಆ ಮಾತು 2016ರಲ್ಲಿ ಅವರ ಕುರ್ಚಿಯನ್ನೇ ನುಂಗಿತು.

2019ರಲ್ಲಿ ಇನ್ನೊಂದು ಆಟ. ಮೇ ತಿಂಗಳ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಬ್ರೆಕ್ಸಿಟ್ ಪಾರ್ಟಿ ಮೊದಲ ಸ್ಥಾನಕ್ಕೆ ಬಂದು, ಆಳುವ ಕನ್ಸರ್ವೇಟಿವ್ ಪಕ್ಷ ಶೇ 9ಕ್ಕೆ ಕುಸಿಯಿತು. ಡಿಸೆಂಬರಿನ ಸಾರ್ವತ್ರಿಕ ಚುನಾವಣೆ ಬಂದಾಗ ಫರಾಜ್, ಕನ್ಸರ್ವೇಟಿವ್‌ನವರು ಹಿಂದಿನ ಸಲ ಗೆದ್ದಿದ್ದ 317 ಕ್ಷೇತ್ರಗಳಲ್ಲಿ ತನ್ನ ಅಭ್ಯರ್ಥಿಗಳನ್ನು ಹಾಕಲಿಲ್ಲ. ನಲ್ಲಿ ನಿಲ್ಲಿಸಿದರು. ಕನ್ಸರ್ವೇಟಿವ್ ನಾಯಕ ಬೋರಿಸ್ ಜಾನ್ಸನ್ 365 ಸೀಟು ಗೆದ್ದರು. 2024ರಲ್ಲಿ ಫರಾಜ್ ಆ ನಲ್ಲಿಯನ್ನು ಪೂರ್ತಿ ತೆರೆದರು. ಕನ್ಸರ್ವೇಟಿವ್ ವೋಟು ಶೇ 43.6ರಿಂದ ಶೇ 23.7ಕ್ಕೆ, ಸೀಟು 121ಕ್ಕೆ ಇಳಿಯಿತು. ಆ ಪಕ್ಷದ ಇತಿಹಾಸದಲ್ಲೇ ಕಡಿಮೆ.

ನಮ್ಮಲ್ಲಿ ಇದರ ಚಿಕ್ಕ ಪ್ರತಿ 2013ರಲ್ಲಿ ಆಗಿತ್ತು. ಯಡಿಯೂರಪ್ಪನವರ ಕೆಜೆಪಿ ಗೆದ್ದದ್ದು ಆರೇ ಸೀಟು. ಆದರೆ ಸುಮಾರು ಶೇ 10ರಷ್ಟು ವೋಟು ಎಳೆದು ಬಿಜೆಪಿಯನ್ನು 40ಕ್ಕೆ ಇಳಿಸಿತು; ಕಾಂಗ್ರೆಸ್‌ಗೆ 122 ಸಿಕ್ಕಿತು. ಮರುವರ್ಷವೇ ಯಡಿಯೂರಪ್ಪ ಹಳೇ ಮನೆಗೆ ಮರಳಿದರು, ಜಗಳ ಮುಗಿಯಿತು. ಬ್ರಿಟನ್ನಿನಲ್ಲಿ ನಡೆಯುತ್ತಿರುವುದು ಇದರ ಉಲ್ಟಾ. ಹಳೇ ಮನೆಯವರೇ ಒಬ್ಬೊಬ್ಬರಾಗಿ ಹೊಸ ಮನೆಗೆ ಗಂಟುಮೂಟೆ ಸಾಗಿಸುತ್ತಿದ್ದಾರೆ. ಸಂಸದ ಲೀ ಆಂಡರ್ಸನ್ 2024ರ ಮಾರ್ಚಿನಲ್ಲಿ ಹೋದರು. ಸಂಸದ ಡ್ಯಾನಿ ಕ್ರೂಗರ್ 2025ರ ಸೆಪ್ಟೆಂಬರಿನಲ್ಲಿ. ರನ್‌ಕಾರ್ನ್‌ನಲ್ಲಿ ಗೆದ್ದ ಸಾರಾ ಪೋಚಿನ್ ಕೂಡ ಚೆಷರ್‌ನಲ್ಲಿ ಮೊದಲು ಕನ್ಸರ್ವೇಟಿವ್ ಕೌನ್ಸಿಲರ್ ಆಗಿದ್ದವರು.

2024ರಲ್ಲಿ ಲೇಬರ್ ಈ ಜಗಳವನ್ನು ದೂರ ನಿಂತು ನೋಡಿ ಲಾಭ ಮಾಡಿಕೊಂಡಿತು. ಬರೀ ಶೇ 33.7 ವೋಟಿಗೆ 411 ಸೀಟು ಬಂತು, ಅಂದರೆ ಸಂಸತ್ತಿನ ಶೇ 63. ರಿಫಾರ್ಮ್‌ಗೆ ಶೇ 14.3 ವೋಟು, ಐದು ಸೀಟು. ಲೇಬರ್ ಕಚೇರಿಯಲ್ಲಿ ಅವತ್ತು ಯಾರಾದರೂ ಕೆಳಗಿನ ಸಾಲುಗಳನ್ನೂ ಓದಿದ್ದರೆ ನಿದ್ದೆ ಬರುತ್ತಿರಲಿಲ್ಲ. ರಿಫಾರ್ಮ್ 98 ಕ್ಷೇತ್ರಗಳಲ್ಲಿ ಎರಡನೇ ಸ್ಥಾನಕ್ಕೆ ಬಂದಿತ್ತು. ಅದರಲ್ಲಿ 89 ಲೇಬರ್ ಗೆದ್ದ ಕ್ಷೇತ್ರಗಳು. ರನ್‌ಕಾರ್ನ್ ಅವುಗಳಲ್ಲಿ ಒಂದು.

ಎರಡನೇ ಸ್ಥಾನದ ಬೆಲೆ ಯಾಕೆ ಅಷ್ಟು ಜಾಸ್ತಿ ಅಂತ ಇಲ್ಲಿ ಗೊತ್ತಾಗುತ್ತದೆ. ಲೇಬರ್ ಬೇಡ ಅನ್ನುವ ಮತದಾರ ಮೊದಲು ನೋಡುವುದು 'ಇಲ್ಲಿ ಲೇಬರನ್ನು ಸೋಲಿಸೋ ತಾಕತ್ತು ಯಾರಿಗಿದೆ' ಅಂತ. ನೂರು ವರ್ಷ ಅದಕ್ಕೆ ಕನ್ಸರ್ವೇಟಿವ್ ಅನ್ನುವುದೇ ಸಿದ್ಧ ಉತ್ತರ. 2024ರಲ್ಲಿ ರನ್‌ಕಾರ್ನ್‌ನಲ್ಲಿ ಅವರು 906 ವೋಟಿನಿಂದ ಮೂರನೇ ಸ್ಥಾನಕ್ಕೆ ಜಾರಿದರು. ಸಣ್ಣ ಅಂತರ. ಆದರೆ ಅಲ್ಲಿಂದ ಅವರ ಅಂಗಡಿಗೆ ಗಿರಾಕಿ ಬರುವುದು ನಿಂತಿತು. ಫ್ರಾಡ್‌ಶಮ್ಮಿನ ಅನುಕೂಲಸ್ಥ ಮತದಾರನಿಗೆ ಫರಾಜ್ ಮಾತಿನ ಧಾಟಿ ಇಷ್ಟವಾಗದೇ ಇರಬಹುದು. ಲೇಬರ್ ಸೋಲಬೇಕಾದರೆ ಇನ್ನು ದಾರಿ ಅದೊಂದೇ ಅಂತ ಅವನಿಗೆ ಗೊತ್ತಾಗಿತ್ತು. ಕನ್ಸರ್ವೇಟಿವ್ ಪಾಲು ಶೇ 16ರಿಂದ ಶೇ 7ಕ್ಕೆ ಬಂತು. ಠೇವಣಿ ಉಳಿಯೋಕೆ ಅಲ್ಲಿ ಶೇ 5 ಬೇಕು. ಲಿಬರಲ್ ಡೆಮಾಕ್ರಾಟ್‌ಗೆ ಅದೂ ದಕ್ಕಲಿಲ್ಲ.

ತೆಳ್ಳಗೆ ಸವರಿದ ಎಣ್ಣೆ ಒಂದು ಮಟ್ಟ ದಾಟಿದ ಮೇಲೆ ಎಲ್ಲ ಕಡೆ ಒಟ್ಟಿಗೇ ಉಕ್ಕುತ್ತದೆ. ರನ್‌ಕಾರ್ನ್ ಆದ ಮರುತಿಂಗಳು, 2025ರ ಜೂನ್‌ನಲ್ಲಿ, ಯೂಗವ್ ಸಂಸ್ಥೆ ಕ್ಷೇತ್ರವಾರು ಲೆಕ್ಕ ಹಾಕಿದ ದೊಡ್ಡ ಸಮೀಕ್ಷೆ ಹೊರತಂದಿತು. ಅದರ ಪ್ರಕಾರ ಶೇ 26 ವೋಟಿಗೆ ರಿಫಾರ್ಮ್ 271 ಸೀಟು ಗೆಲ್ಲುತ್ತಿತ್ತು. ಹತ್ತು ವರ್ಷದ ಹಿಂದೆ ಅದರ ಅರ್ಧದಷ್ಟು ವೋಟಿಗೆ ಒಂದೇ ಸೀಟು. ಸಮೀಕ್ಷೆಯನ್ನು ಪಂಚಾಂಗದ ಹಾಗೆ ನಂಬಬೇಕಿಲ್ಲ. ಇದೇ ಪದ್ಧತಿ ಒಂದು ಗೆರೆಯವರೆಗೆ ಹೊಸಬರನ್ನು ತುಳಿದಿಟ್ಟು, ಗೆರೆ ದಾಟಿದ ಮೇಲೆ ಅವರನ್ನೇ ಹೆಗಲ ಮೇಲೆ ಹೊತ್ತು ಮೆರೆಸುತ್ತದೆ ಅನ್ನುವುದಕ್ಕೆ ಇದೊಂದು ಉದಾಹರಣೆ.

ಆಮೇಲೆ ಮಾಡಿದ ಔಷಧಿ

ಸೋತ ಹನ್ನೊಂದನೇ ದಿನ, ಮೇ 12ರಂದು, ಸ್ಟಾರ್ಮರ್ ವಲಸೆ ನೀತಿಯ ಹೊಸ ದಾಖಲೆ ಬಿಡುಗಡೆ ಮಾಡಿದರು. ಹೀಗೇ ಬಿಟ್ಟರೆ ಈ ದೇಶ ಅಪರಿಚಿತರ ದ್ವೀಪವಾದೀತು ಅನ್ನುವ ಅರ್ಥದ ಮಾತಾಡಿದರು. ಮುಂದಿನ ತಿಂಗಳು ಆ ಪದ ಬಳಸಬಾರದಿತ್ತು ಅಂತ ಅವರೇ ಪಶ್ಚಾತ್ತಾಪ ಪಟ್ಟರು. ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶದಿಂದ ಜನ ತರಿಸುವ ವೀಸಾ ನಿಂತಿತು. ಕಾಯಂ ವಾಸದ ಹಕ್ಕಿಗೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕು ಅನ್ನುವ ಪ್ರಸ್ತಾಪ ಬಂತು.

ಇದು ಉಡುಪಿ, ಮಂಗಳೂರು ಕಡೆ ಎಷ್ಟೋ ಮನೆಗಳಿಗೆ ನೇರ ತಟ್ಟುವ ವಿಷಯ. ಮಗಳು ಅಲ್ಲಿ ನರ್ಸ್, ಅಳಿಯ ಅಲ್ಲಿ ಐಟಿ, ಐದನೇ ವರ್ಷಕ್ಕೆ ಪರ್ಮನೆಂಟ್ ಆಗುತ್ತದೆ ಅಂತ ಮನೆ ಸಾಲ ಲೆಕ್ಕ ಹಾಕಿದವರು. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಕಾಮನ್‌ವೆಲ್ತ್ ದೇಶದವರಾದ್ದರಿಂದ ವೀಸಾದಲ್ಲಿ ಇರುವ ಭಾರತೀಯರಿಗೂ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ವೋಟಿದೆ. ಬೆಂಗಳೂರಿನಿಂದ ಹೋದವರು ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡರೆ ಆಯಿತು. ಲೇಬರ್ ಇವರ ವೋಟನ್ನೂ ತನ್ನ ಬುಟ್ಟಿಯಲ್ಲೇ ಇದೆ ಅಂತ ಲೆಕ್ಕ ಹಿಡಿದಿತ್ತು.

ಚಳಿಗಾಲದ ಹಣವನ್ನು ಜೂನ್‌ನಲ್ಲಿ ಬಹುಪಾಲು ಜನರಿಗೆ ವಾಪಸ್ ಕೊಟ್ಟರು. ಅಂಗವಿಕಲರ ಭತ್ಯೆಯ ಕಡಿತವನ್ನೂ ಸ್ವಂತ ಸಂಸದರೇ ತಿರುಗಿಬಿದ್ದ ಮೇಲೆ ಸಡಿಲಿಸಿದರು. ಇವೆರಡೂ ಏಪ್ರಿಲ್‌ನಲ್ಲಿ ಆಗಿದ್ದರೆ ಆರು ವೋಟು ಎಲ್ಲಿಂದಾದರೂ ಬರುತ್ತಿತ್ತೇನೋ. ನನಗೆ ಕಾಣುವ ತಪ್ಪು ಇದು: ರಿಫಾರ್ಮ್‌ಗೆ ಹೋದವರನ್ನು ಕರೆತರೋಕೆ ಲೇಬರ್ ಮೈಕು ಹಿಡಿದು ಓಡಿತು. ಮನೆಯಲ್ಲಿ ಬೇಸರ ಮಾಡಿಕೊಂಡು ಕೂತವರ ಬಾಗಿಲು ತಟ್ಟಲಿಲ್ಲ. ಮೊದಲನೆಯವರಿಗೆ ಇದು ನಕಲಿ ಮಾಲು ಅನಿಸಿತು, ಎರಡನೆಯವರಿಗೆ ಇನ್ನೊಂದು ಅವಮಾನ ಅನಿಸಿತು.

ಕೇರ್‌ಫಿಲಿ

ಹಾಗಾದರೆ ರಿಫಾರ್ಮ್ ವಿರೋಧಿಗಳೆಲ್ಲ ಒಟ್ಟಾದರೆ ಹಳೇ ಪಕ್ಷ ಬಚಾವಾಗುತ್ತದಾ? ಉತ್ತರ ಅದೇ ವರ್ಷ ವೇಲ್ಸ್‌ನಲ್ಲಿ ಸಿಕ್ಕಿತು.

ಕೇರ್‌ಫಿಲಿ ಗಣಿ ಕಾರ್ಮಿಕರ ಕಣಿವೆಯ ಊರು. 1918ರಿಂದ ಅಲ್ಲಿನ ಸಂಸತ್ ಸದಸ್ಯರೆಲ್ಲ ಲೇಬರ್‌ನಿಂದಲೇ ಆರಿಸಿ ಬಂದವರು. ವೇಲ್ಸ್ ಶಾಸನಸಭೆ ಶುರುವಾದ 1999ರಿಂದ ಅಲ್ಲೂ ಲೇಬರ್‌ದೇ ಗೆಲುವು. ಲೇಬರ್ ಶಾಸಕರು ತೀರಿಕೊಂಡು 2025ರ ಅಕ್ಟೋಬರ್ 23ಕ್ಕೆ ಉಪಚುನಾವಣೆ ಬಂತು. ರಿಫಾರ್ಮ್ ಗೆಲ್ಲುತ್ತದೆ ಅಂತ ಬಹಳ ಜನ ಹೇಳಿದರು. ಫರಾಜ್ ಮತ್ತೆ ಮತ್ತೆ ಬಂದುಹೋದರು.

ಮತದಾನ ಈ ಸಲ ಇಳಿಯಲಿಲ್ಲ, ಏರಿತು. ಶೇ 50 ದಾಟಿತು. ಗೆದ್ದದ್ದು ವೇಲ್ಸ್ ಪ್ರಾದೇಶಿಕ ಪಕ್ಷ ಪ್ಲೈಡ್ ಕಮ್ರಿಯ ಲಿಂಡ್ಸೆ ವಿಟಲ್, ಶೇ 47ರಷ್ಟು ವೋಟು ಪಡೆದು. 1983ರಲ್ಲಿ ಮೊದಲ ಸಲ ಆ ಊರಿನಲ್ಲಿ ಚುನಾವಣೆಗೆ ನಿಂತ ಮನುಷ್ಯ, ಎಪ್ಪತ್ತು ದಾಟಿದ ಮೇಲೆ ಅಲ್ಲಿ ಗೆದ್ದರು. ರಿಫಾರ್ಮ್‌ಗೆ ಶೇ 36. ರನ್‌ಕಾರ್ನ್‌ನಲ್ಲಿ ಶೇ 38.7ಕ್ಕೆ ಸೀಟು ಸಿಕ್ಕಿತ್ತು. ಇಲ್ಲಿ ಅದಕ್ಕೆ ಸ್ವಲ್ಪವೇ ಕಡಿಮೆ ಬಂದರೂ ಅಂತರ 3,800ಕ್ಕೂ ಜಾಸ್ತಿ. ರಿಫಾರ್ಮ್ ಬೇಡ ಅನ್ನುವವರು ಈ ಸಲ ಮನೆಯಲ್ಲಿ ಕೂರಲಿಲ್ಲ. ಯಾರ ಹಿಂದೆ ನಿಲ್ಲಬೇಕು ಅನ್ನುವುದೂ ಅವರಿಗೆ ಗೊತ್ತಾಗಿತ್ತು.

ಅದು ಲೇಬರ್ ಆಗಿರಲಿಲ್ಲ, ಅಷ್ಟೆ. 2021ರಲ್ಲಿ ಇದೇ ಕ್ಷೇತ್ರದಲ್ಲಿ ಶೇ 46 ಪಡೆದಿದ್ದ ಪಕ್ಷಕ್ಕೆ ಈಗ ಶೇ 11 ಬಂತು. ವೋಟು 3,713.